ಅಂಚೆಯಲ್ಲಿ ಬಂದ ಸೇನೆಯ ಕರೆ

ಅಮೆರಿಕದಲ್ಲಿ ಕಡ್ಡಾಯ ಸೈನಿಕ ಸೇವೆ 1973ರಲ್ಲಿ ಕೊನೆಗೊಂಡಾಗ, ಯುವಕರ ಮನೆಗೆ ಅಂಚೆಯಲ್ಲಿ ಬರುತ್ತಿದ್ದ ಆದೇಶಪತ್ರದ ಜಾಗವನ್ನು ಕ್ರಮೇಣ ಮನವೊಲಿಕೆಯ ಪತ್ರ ಆಕ್ರಮಿಸಿತು. ಸ್ವಯಂಪ್ರೇರಣೆಯಿಂದ ಬಂದವರಿಂದಲೇ ಸೇನೆಯನ್ನು ಕಟ್ಟಬಹುದೆಂದು ಸರ್ಕಾರ ನೇಮಿಸಿದ್ದ ಗೇಟ್ಸ್ ಆಯೋಗವು 1970ರಲ್ಲಿ ಶಿಫಾರಸು ಮಾಡಿತ್ತು. ಆದರೆ ವರ್ಷವರ್ಷವೂ ಲಕ್ಷಾಂತರ ಮಂದಿಯನ್ನು ಒಲಿಸಿಕೊಳ್ಳಬೇಕಾಗಿ ಬಂದ ಸೇನೆಯು ವ್ಯಾಪಾರ ಸಂಸ್ಥೆಗಳ ಪ್ರಚಾರ ವಿಧಾನಗಳನ್ನೇ ಕೈಗೆತ್ತಿಕೊಂಡಿತು. ಅವುಗಳಲ್ಲೊಂದು ನೇರ ಅಂಚೆ, ಅಂದರೆ ಹೆಸರು ವಿಳಾಸಗಳ ಪಟ್ಟಿಯನ್ನು ಸಂಪಾದಿಸಿ, ಪಟ್ಟಿಯಲ್ಲಿದ್ದವರಿಗೆಲ್ಲ ಪತ್ರದೊಂದಿಗೆ ಅಂಚೆವೆಚ್ಚ ಮುಂಗಡವಾಗಿ ತೆತ್ತ ಉತ್ತರದ ಕಾರ್ಡನ್ನೂ ಕಳುಹಿಸುವ ಪದ್ಧತಿ.

ಕಾರ್ಡುಗಳನ್ನು ಎಣಿಸಬಹುದಾದ್ದರಿಂದ ಈ ಪದ್ಧತಿಯ ಫಲವನ್ನು ಅಳೆಯುವುದು ಸುಲಭವೆಂದು ತೋರುತ್ತದೆ. ವಾಸ್ತವದಲ್ಲಿ ಆ ಎಣಿಕೆಯೇ ದಾರಿತಪ್ಪಿಸುತ್ತದೆ. ಕಾರ್ಡು ಮರಳಿಸಿದ ಯುವಕನು ಪತ್ರ ಬರದಿದ್ದರೂ ಭರ್ತಿ ಕಚೇರಿಗೆ ಹೋಗುತ್ತಿದ್ದನೇ ಎಂಬುದನ್ನು ಕಾರ್ಡು ಹೇಳುವುದಿಲ್ಲ, ಕುತೂಹಲಕ್ಕೆ ಕೇಳಿದವನಿಗೂ ಕರಾರಿಗೆ ಸಹಿ ಹಾಕುವವನಿಗೂ ಇರುವ ಅಂತರವನ್ನೂ ತೋರಿಸುವುದಿಲ್ಲ. ಆದ್ದರಿಂದ ನಿಜವಾದ ಪರೀಕ್ಷೆಗೆ ನಿಯಂತ್ರಣ ಗುಂಪು ಬೇಕು: ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದ ಕೆಲವರಿಗೆ ಏನನ್ನೂ ಕಳುಹಿಸದೆ, ಎರಡೂ ಗುಂಪುಗಳಲ್ಲಿ ಸೇನೆ ಸೇರಿದವರ ಪ್ರಮಾಣವನ್ನು ತಿಂಗಳುಗಳ ಬಳಿಕ ಹೋಲಿಸಬೇಕು. ಪತ್ರ ಕಳುಹಿಸದಿರುವುದು ಅವಕಾಶವನ್ನು ಕಳೆದುಕೊಂಡಂತೆ ಕಂಡರೂ, ವೆಚ್ಚ ಸಾರ್ಥಕವೇ ಎಂದು ತಿಳಿಯಲು ಅಷ್ಟು ವಿಶ್ವಾಸಾರ್ಹವಾದ ಬೇರೆ ಮಾರ್ಗವಿಲ್ಲ.

ಇದೇ ತರ್ಕವನ್ನು ನೌಕಾಪಡೆಯು 1979ರ ಸುಮಾರಿನಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿ, ಕೆಲವು ಪ್ರದೇಶಗಳಲ್ಲಿ ಭರ್ತಿ ಸಿಬ್ಬಂದಿಯನ್ನೂ ಜಾಹೀರಾತಿನ ವೆಚ್ಚವನ್ನೂ ಉದ್ದೇಶಪೂರ್ವಕವಾಗಿ ಏರಿಳಿಸಿ ನೋಡಿತು. 1985ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಿಬ್ಬಂದಿಯ ಪ್ರಭಾವ ಎದ್ದುಕಂಡಿತು. ಜಾಹೀರಾತಿನ ಪ್ರಭಾವ ಅಷ್ಟು ಪ್ರಬಲವಾಗಿರಲಿಲ್ಲ. ಮುಖಾಮುಖಿ ಮಾತುಕತೆಯ ಬಲವನ್ನು ಸೂಚಿಸಿದ ಈ ಫಲಿತಾಂಶವು, ಪತ್ರವನ್ನು ಆ ಮಾತುಕತೆಗೆ ಪೀಠಿಕೆಯೆಂದಷ್ಟೇ ಕಾಣಬೇಕೆಂಬ ನಿಲುವಿಗೆ ಇಂಬು ಕೊಡುತ್ತದೆ.

ಪತ್ರದ ಒಕ್ಕಣೆಗಿಂತ ಪಟ್ಟಿಯ ಮೂಲವೇ ಹೆಚ್ಚು ಗಂಭೀರವಾದ ಪ್ರಶ್ನೆ. ಕಡ್ಡಾಯ ಸೇವೆ ಮತ್ತೆ ಬೇಕಾದೀತೆಂಬ ಮುನ್ನೆಚ್ಚರಿಕೆಗಾಗಿ 1980ರಲ್ಲಿ ಯುವಕರ ನೋಂದಣಿ ಮತ್ತೆ ಆರಂಭವಾದಾಗ ಅದರ ಹೊಣೆ ಹೊತ್ತ ಸೆಲೆಕ್ಟಿವ್ ಸರ್ವಿಸ್ ಸಂಸ್ಥೆಯು ವಾಣಿಜ್ಯ ಪಟ್ಟಿಗಳನ್ನೂ ಕೊಂಡಿತು. ಹುಟ್ಟುಹಬ್ಬದ ಉಚಿತ ಐಸ್‌ಕ್ರೀಮಿಗಾಗಿ ಹುಡುಗರು ಅಂಗಡಿಗೆ ಬರೆದುಕೊಟ್ಟಿದ್ದ ಕಲ್ಪಿತ ಹೆಸರಿಗೂ 1984ರಲ್ಲಿ ನೋಂದಣಿಯ ನೆನಪೋಲೆ ಬಂದಾಗ ಈ ಸಂಗತಿ ಬೆಳಕಿಗೆ ಬಂತು. ಅದು ಭರ್ತಿಯ ಪತ್ರವಲ್ಲದಿದ್ದರೂ, ಮಕ್ಕಳು ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿ ಅವರ ಅರಿವಿಲ್ಲದೆ ಇನ್ನೊಂದಕ್ಕೆ ಬಳಕೆಯಾದದ್ದು ಖಂಡನೀಯವೇ. 2002ರ ಜನವರಿಯಲ್ಲಿ ಸಹಿಯಾದ ಶಿಕ್ಷಣ ಕಾಯ್ದೆಯು, ಕೇಂದ್ರದ ಅನುದಾನ ಪಡೆಯುವ ಪ್ರೌಢಶಾಲೆಗಳು ವಿದ್ಯಾರ್ಥಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಭರ್ತಿ ಅಧಿಕಾರಿಗಳು ಕೇಳಿದರೆ ಕೊಡಬೇಕೆಂದು ವಿಧಿಸಿ, ನಿರಾಕರಿಸುವ ಹಕ್ಕನ್ನು ಕುಟುಂಬಗಳಿಗೆ ಉಳಿಸಿತಾದರೂ, ಆ ನಿರಾಕರಣೆಯನ್ನು ಶಾಲೆಗೆ ತಿಳಿಸುವ ಹೊಣೆಯನ್ನೂ ಅವರ ಮೇಲೆಯೇ ಹೊರಿಸಿತು.