ಕರ್ನಾಟಕದಲ್ಲಿ ಕನಿಷ್ಠ ವೇತನ

ಕರ್ನಾಟಕದಲ್ಲಿ ಕನಿಷ್ಠ ವೇತನ ಎಂದರೆ ರಾಜ್ಯ ಸರ್ಕಾರವು ವಿವಿಧ ಉದ್ಯೋಗಗಳಿಗೆ ಕಾನೂನಿನ ಮೂಲಕ ನಿಗದಿಪಡಿಸುವ ಅತಿ ಕಡಿಮೆ ಕೂಲಿದರ. ಬೆಂಗಳೂರಿನ ದರಕ್ಕೂ ತಾಲ್ಲೂಕುಗಳ ದರಕ್ಕೂ ಇರುವ ಅಂತರ, ಪರಿಷ್ಕರಣೆಯ ಪ್ರಮಾಣ ಹಾಗೂ ಕೃಷಿ ಕೂಲಿಯ ಸ್ಥಾನ ಈ ಕುರಿತ ಚರ್ಚೆಯ ಮುಖ್ಯ ವಿಷಯಗಳಾಗಿವೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆಯು ಬೇಸಾಯದೊಂದಿಗೆ ನೇರವಾಗಿ ಬೆಸೆದುಕೊಂಡಿದೆ.

== ಕಾನೂನಿನ ಹಿನ್ನೆಲೆ ==
1948ರ ಕನಿಷ್ಠ ವೇತನ ಕಾಯ್ದೆಯು ಅನುಸೂಚಿತ ಉದ್ಯೋಗಗಳಿಗೆ ಕೂಲಿ ನಿಗದಿಪಡಿಸುವ ಮತ್ತು ಐದು ವರ್ಷ ಮೀರದಂತೆ ಅದನ್ನು ಪರಿಶೀಲಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಅನುಸೂಚಿಯ ಮೊದಲ ಭಾಗದಲ್ಲಿ ತಂಬಾಕು ತಯಾರಿಕಾ ಘಟಕಗಳೂ ಎರಡನೆಯ ಭಾಗದಲ್ಲಿ ಕೃಷಿಯೂ ಸೇರಿದ್ದವು. ಲೆಕ್ಕಾಚಾರದ ಮಾನದಂಡಗಳನ್ನು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ರೂಪಿಸಿತು. ಆಹಾರ, ಬಟ್ಟೆ, ವಸತಿ ಮತ್ತು ಇಂಧನದ ವೆಚ್ಚದ ಜೊತೆಗೆ ಮಕ್ಕಳ ಶಿಕ್ಷಣ, ವೈದ್ಯಕೀಯ ಮುಂತಾದ ಅಗತ್ಯಗಳಿಗೆ ಶೇ. 25ರಷ್ಟನ್ನು ಸೇರಿಸಬೇಕೆಂದು ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಗೆ ಸಮವೆಂಬ ನಿಲುವನ್ನು ಅದೇ ನ್ಯಾಯಾಲಯವು 1980ರ ದಶಕದ ಆರಂಭದಲ್ಲಿ ತಳೆದಿತ್ತು.

2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು 1948ರ ಕಾಯ್ದೆಯ ಸ್ಥಾನ ಪಡೆಯಿತು. ಇದು ಅನುಸೂಚಿತ ಉದ್ಯೋಗಗಳ ಪಟ್ಟಿಯನ್ನು ಕೈಬಿಟ್ಟು, ಕನಿಷ್ಠ ವೇತನದ ಹಕ್ಕನ್ನು ಎಲ್ಲ ನೌಕರರಿಗೂ ವಿಸ್ತರಿಸುತ್ತದೆ.

== 2025ರ ಕರಡು ಅಧಿಸೂಚನೆ ==
2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವು ಕರಡು ಅಧಿಸೂಚನೆ ಹೊರಡಿಸಿ ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಲು ಪ್ರಸ್ತಾಪಿಸಿತು. ಅಕುಶಲ ಕಾರ್ಮಿಕರಿಗೆ ಬೆಂಗಳೂರನ್ನು ಒಳಗೊಂಡ ಮೊದಲ ವಲಯದಲ್ಲಿ ತಿಂಗಳಿಗೆ ₹23,376 ಹಾಗೂ ಮೂರನೆಯ ವಲಯದಲ್ಲಿ ₹19,319 ಸೂಚಿಸಲಾಗಿತ್ತು. 26 ದಿನಗಳ ಲೆಕ್ಕದಲ್ಲಿ ಎರಡನೆಯ ಮೊತ್ತವು ದಿನಕ್ಕೆ ಸುಮಾರು ₹743 ಆಗುತ್ತದೆ.

ಕಾರ್ಮಿಕ ಸಂಘಟನೆಗಳು ಸುಪ್ರೀಂ ಕೋರ್ಟಿನ ಮಾನದಂಡಗಳ ಆಧಾರದ ಮೇಲೆ ಪರಿಷ್ಕರಣೆಯನ್ನು ಒತ್ತಾಯಿಸಿದವು. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಸೇರಿದಂತೆ ಮಾಲೀಕರ ಸಂಘಟನೆಗಳು ಇಷ್ಟು ದೊಡ್ಡ ಏರಿಕೆಯನ್ನು ಸಣ್ಣ ಘಟಕಗಳು ತಾಳಲಾರವು ಎಂದು ವಿರೋಧಿಸಿದವು.

== ಉದ್ಯೋಗ ಖಾತರಿ ಮತ್ತು ಕೃಷಿ ಕೂಲಿ ==
ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು ಕೇಂದ್ರ ಸರ್ಕಾರವು 2009ರಲ್ಲಿ ರಾಜ್ಯಗಳ ಕೃಷಿ ಕನಿಷ್ಠ ವೇತನದಿಂದ ಬೇರ್ಪಡಿಸಿತು. 2011ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಈ ಯೋಜನೆಯ ಕೂಲಿಯು ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆಯಿರಬಾರದೆಂದು ತೀರ್ಪಿತ್ತಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ತೀರ್ಪಿಗೆ ತಡೆ ನೀಡಲು ನಿರಾಕರಿಸಿತು. ಆದರೂ ಎರಡು ದರಗಳು ಒಂದಾಗಲಿಲ್ಲ. ಕರ್ನಾಟಕದಲ್ಲಿ ಯೋಜನೆಯ ದಿನಗೂಲಿಯು 2024–25ರಲ್ಲಿ ₹349 ಮತ್ತು 2025–26ರಲ್ಲಿ ₹370 ಇತ್ತು. ಎರಡನೆಯ ಮೊತ್ತವು ಮೇಲಿನ ಕರಡಿನ ಮೂರನೆಯ ವಲಯದ ದರದ ಸುಮಾರು ಅರ್ಧದಷ್ಟು.

== ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು ==
ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಗಳು ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾಗಿವೆ. ಕೃಷ್ಣರಾಜನಗರದಲ್ಲಿ ಕಾವೇರಿ ನಾಲೆಗಳ ನೀರಾವರಿಯ ಭತ್ತ ಪ್ರಧಾನವಾಗಿದೆ. ಹೊಗೆಸೊಪ್ಪಿಗೆ ನಾಟಿಯಿಂದ ಹಿಡಿದು ಎಲೆ ಬಿಡಿಸುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ಬೇಯಿಸುವುದು ಮತ್ತು ದರ್ಜೆವಾರು ಬೇರ್ಪಡಿಸುವವರೆಗೆ ಹೆಚ್ಚಿನ ಕೈಗೆಲಸ ಬೇಕು. ಮಾರಾಟವು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ನಡೆಯುವುದರಿಂದ, ಏರಿದ ಕೂಲಿಯನ್ನು ಬೆಳೆಗಾರನು ತಾನಾಗಿ ಬೆಲೆಗೆ ಸೇರಿಸಲಾರ. ಕೂಲಿ ಏರಿಕೆಗೆ ಸಣ್ಣ ಹಿಡುವಳಿದಾರರು ತೋರುವ ಹಿಂಜರಿಕೆಗೆ ಇದು ಮುಖ್ಯ ಕಾರಣ. ಸುಗ್ಗಿಯ ದಿನಗಳಲ್ಲಿ ಆಳುಗಳ ಕೊರತೆಯಿಂದ ಕೂಲಿ ತಾನಾಗಿಯೇ ಏರುತ್ತದೆ; ಕೆಲಸವಿಲ್ಲದ ತಿಂಗಳುಗಳಲ್ಲಿ ಕಾನೂನಿನ ದರಕ್ಕೆ ಬೆಲೆ ಕಡಿಮೆ. ಒಂದೇ ಹೊಲದಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೊಡುವ ರೂಢಿಯೂ ಇದೆ.

ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳ ಜೇನುಕುರುಬ ಮೊದಲಾದ ಸಮುದಾಯಗಳವರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಮುಂಗಡ ಹಣ ಪಡೆದು ದುಡಿಯುವಲ್ಲಿ ಸಾಲದ ಲೆಕ್ಕವು ಕೂಲಿಯ ಲೆಕ್ಕವನ್ನು ನುಂಗುವ ಅಪಾಯವಿರುತ್ತದೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ 1974ರ ಭೂಸುಧಾರಣೆಯು ಗೇಣಿದಾರರಿಗೆ ಭೂಮಿ ಕೊಡಿಸಿತು. ಆದರೆ ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಗೇಣಿ ಹಕ್ಕಿನ ಆ ಪ್ರಯೋಜನ ದಕ್ಕಲಿಲ್ಲ. ಅವರ ಪಾಲಿಗೆ ದಿನದ ಕೂಲಿದರವೇ ಮುಖ್ಯ ಪ್ರಶ್ನೆಯಾಗಿ ಉಳಿಯಿತು.

== ಇವನ್ನೂ ನೋಡಿ ==
* ತಂಬಾಕು ಮಂಡಳಿ
* ಜೀತ ಪದ್ಧತಿ
* ಡಿ. ದೇವರಾಜ ಅರಸು