ಹೊಲ ಒಬ್ಬನಿಗೆ, ಹೊರನಾಡು ಉಳಿದವರಿಗೆ

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಕಾದಲು ಐರ್ಲೆಂಡಿನಿಂದ ಹೋದವರ ಸಂಖ್ಯೆ ಸುಮಾರು 2 ಲಕ್ಷ. ಕಡ್ಡಾಯ ಸೈನಿಕಸೇವೆ ಆ ನಾಡಿನಲ್ಲಿ ಜಾರಿಗೆ ಬರಲೇ ಇಲ್ಲವಾದುದರಿಂದ, ಅವರನ್ನು ಯಾರೂ ಕಾನೂನಿನ ಬಲದಿಂದ ಎಳೆದೊಯ್ದುದಲ್ಲ. ಇಂಗ್ಲೆಂಡಿನ ಆಳ್ವಿಕೆಯನ್ನು ಶಪಿಸುತ್ತ ಬಾಳಿದ ಮನೆಗಳ ಮಕ್ಕಳು ಇಂಗ್ಲೆಂಡಿನ ಅರಸನ ಸೇನೆಯನ್ನು ಏಕೆ ಸೇರಿದರು? ರಾಷ್ಟ್ರೀಯ ಪಕ್ಷದ ಮುಖಂಡ ಜಾನ್ ರೆಡ್ಮಂಡನು 1914ರ ಸೆಪ್ಟೆಂಬರ್ 20ರಂದು ವುಡನ್‌ಬ್ರಿಜ್ ಎಂಬಲ್ಲಿ ಮಾಡಿದ ಭಾಷಣ, ಸ್ವಯಮಾಡಳಿತದ ಆಶೆ, ಬೆಲ್ಜಿಯಮಿನ ಮೇಲಿನ ಕನಿಕರ ಇವನ್ನು ಕಾರಣಗಳೆಂದು ಹೇಳುವುದುಂಟು. ಇವು ಸುಳ್ಳಲ್ಲ. ಆದರೆ ರೈತಕುಟುಂಬಗಳ ಮಟ್ಟಿಗೆ, ಮುಖಂಡರ ಭಾಷಣಗಳಿಗಿಂತ ಹೊಲದ ಬದುಗಳೇ ನಮಗೆ ಹೆಚ್ಚಿನದನ್ನು ತಿಳಿಸುತ್ತವೆಂದು ನನ್ನ ಭಾವನೆ.

1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ತಲೆದೋರುವವರೆಗೆ, ಐರಿಶ್ ಬಡರೈತನು ತನ್ನ ತುಂಡು ನೆಲವನ್ನು ಮಕ್ಕಳಿಗೆ ಹಂಚಿಕೊಡುತ್ತಿದ್ದುದು ಸಾಮಾನ್ಯವಾಗಿತ್ತು. ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಮಂದಿ ಹಡಗು ಹತ್ತಿದರು. ಅಲ್ಲಿಂದ ಮುಂದೆ ಹಿಡುವಳಿಯನ್ನು ಒಡೆಯಬಾರದೆಂಬುದು ಮನೆಮನೆಯ ಕಟ್ಟಳೆಯಾಯಿತು. ಹೊಲ ಒಬ್ಬ ಮಗನಿಗೆ. ವರದಕ್ಷಿಣೆ ಬಹುಶಃ ಒಬ್ಬ ಮಗಳಿಗೆ. ಉಳಿದವರಿಗೆ ಅಮೆರಿಕ, ಇಗರ್ಜಿ, ಪೋಲೀಸು ಇಲ್ಲವೆ ಸೈನ್ಯ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರವು ಹುಟ್ಟಿದ ಮಾತ್ರಕ್ಕೆ ಮಗನನ್ನು ಪಾಲುದಾರನನ್ನಾಗಿ ಮಾಡಿದ ನಾಡಿನವರಾದ ನಮಗೆ ಈ ಏರ್ಪಾಡು ನಿರ್ದಯವಾಗಿ ಕಾಣಬಹುದು. ಪಾಲುಮಾಡಿ ಪಾಲುಮಾಡಿ ಗೇಣುನೆಲ ಉಳಿಸಿಕೊಂಡು, ಕೊನೆಗೆ ರೈಲು ಹತ್ತಿ ದೂರದ ಪಟ್ಟಣ ಸೇರಿದವರು ನಮ್ಮಲ್ಲಿಯೂ ಕಡಮೆಯಿಲ್ಲವೆಂಬುದು ಬೇರೆಯ ಮಾತು.

ಇಂಥ ಮನೆಯೊಂದು ಕಾರ್ಕ್ ಜಿಲ್ಲೆಯ ಮಕ್ರೂಮ್ ಪೇಟೆಗೆ ಸಮೀಪದ ಇಂಚಿಗೀಲಾ ಎಂಬ ಊರಿನ ಓಲಿಯರಿಗಳದು. ಮನೆಯ ಯಜಮಾನ ಡೇನಿಯಲ್ ಓಲಿಯರಿ ರೈತ, ಕಟ್ಟಾ ರಾಷ್ಟ್ರವಾದಿ. ಅವನ ಮಗ ಮೈಕೇಲನು ಹದಿಹರೆಯದಲ್ಲೇ ಬ್ರಿಟಿಷ್ ನೌಕಾಪಡೆಯನ್ನು ಸೇರಿ, ಕೀಲುನೋವಿನಿಂದಾಗಿ ಬಿಡುಗಡೆ ಹೊಂದಿ, ಕೆಲಕಾಲ ತಂದೆಯ ಹೊಲದಲ್ಲಿ ದುಡಿದು, ಅನಂತರ ಐರಿಶ್ ಗಾರ್ಡ್ಸ್ ದಳವನ್ನು ಸೇರಿದನು. ಸೇವೆಯ ಅವಧಿ ಮುಗಿದ ಮೇಲೆ ಕೆನಡಾಕ್ಕೆ ಹೋಗಿ ಅಲ್ಲಿ ಸವಾರ ಪೋಲೀಸನಾದನು. ಯುದ್ಧ ಬಂದುದರಿಂದ ಮೀಸಲು ಸಿಪಾಯಿಯಾಗಿ ಮತ್ತೆ ಹಳೆಯ ದಳಕ್ಕೆ ಬಂದನು. ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಕಡಲು, ಹೊಲ, ದಂಡು, ಪೋಲೀಸು, ಮತ್ತೆ ದಂಡು! ಹೊಲವಿಲ್ಲದ ಮಗನ ದಾರಿಗಳೆಲ್ಲವನ್ನೂ ಅವನೊಬ್ಬನೇ ನಡೆದು ನೋಡಿದಂತಿದೆ.

1915ರ ಫೆಬ್ರವರಿ 1ರಂದು ಫ್ರಾನ್ಸಿನ ಕ್ವಿಂಚಿ ಎಂಬಲ್ಲಿ ಅವನು ತನ್ನ ತಂಡಕ್ಕಿಂತ ಮುಂದೆ ಓಡಿ, ಜರ್ಮನರ ಮೊದಲನೆಯ ತಡೆಗಟ್ಟಿನಲ್ಲಿದ್ದ ಐವರನ್ನು ಕೊಂದು, ಸುಮಾರು 60 ಗಜ ಆಚೆಗಿದ್ದ ಎರಡನೆಯದರ ಮೇಲೆ ಬಿದ್ದು, ಮೂವರನ್ನು ಕೊಂದು ಇಬ್ಬರನ್ನು ಸೆರೆಹಿಡಿದನು. ವಿಕ್ಟೋರಿಯಾ ಕ್ರಾಸ್ ದೊರೆಯಿತು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜನಜಂಗುಳಿ ಅವನನ್ನು ಎದುರುಗೊಂಡಿತು. ಒಬ್ಬ ಐರಿಶ್‌ನವನು ಹತ್ತು ಜರ್ಮನರನ್ನು ಸೋಲಿಸಿದನೆಂದು ಸಾರುವ ಭಿತ್ತಿಪತ್ರಗಳು ಐರ್ಲೆಂಡಿನಲ್ಲಿ ಕಾಣಿಸಿಕೊಂಡವು. ಅವನ ತಂದೆಯನ್ನೂ ವೇದಿಕೆ ಹತ್ತಿಸಿದರಂತೆ. ನೀವು ಹೋಗದಿದ್ದರೆ ಇಂಗ್ಲಿಷರು ಏಳುನೂರು ವರ್ಷ ನಮಗೆ ಮಾಡಿದ್ದನ್ನೇ ಜರ್ಮನರು ಬಂದು ಮಾಡಿಯಾರೆಂದು ಮುದುಕ ಹೇಳಿದನಂತೆ. ಮತ್ತೆ ಅವನನ್ನು ಮಾತಿಗೆ ಕರೆಯಲಿಲ್ಲವಂತೆ. ಕಥೆ ಕಟ್ಟಿದ್ದಾದರೂ ಕಟ್ಟಿದವರು ಆ ಮನೆಗಳನ್ನು ಬಲ್ಲವರೇ ಸರಿ.

ಬರ್ನಾರ್ಡ್ ಷಾ ತನ್ನ ‘ಓಫ್ಲಾಹರ್ಟಿ ವಿ.ಸಿ.’ ಎಂಬ ಕಿರುನಾಟಕಕ್ಕೆ ಪ್ರೇರಣೆ ಪಡೆದುದು ಈ ಮೈಕೇಲನಿಂದಲೇ. ಅಲ್ಲಿಯ ತಾಯಿ ತನ್ನ ಮಗ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದಾನೆಂದೇ ನಂಬಿದ್ದಾಳೆ. ನಿಜ ತಿಳಿದಾಗ ಕೆರಳುತ್ತಾಳೆ. ಆದರೆ ಸಿಪಾಯಿಯ ಮನೆಯವರಿಗೆ ಬರುವ ಭತ್ಯೆಯ ವಿಚಾರದಲ್ಲಿ ಅವಳ ಲೆಕ್ಕಾಚಾರ ತಪ್ಪುವುದಿಲ್ಲ. 1915ರಲ್ಲಿ ಡಬ್ಲಿನ್ನಿನ ಅಬ್ಬೆ ನಾಟಕಶಾಲೆಯಲ್ಲಿ ಆಗಬೇಕಾಗಿದ್ದ ಪ್ರಯೋಗ ಅಧಿಕಾರಿಗಳಿಗೆ ಹಿಡಿಸದೆ ನಿಂತುಹೋಯಿತು. ಸೈನ್ಯಕ್ಕೆ ಜನ ಸೇರಿಸುವ ಕರಪತ್ರವೆಂದು ಷಾ ಅದನ್ನು ಕರೆದುದು ಬರಿಯ ಕುಚೇಷ್ಟೆಯಲ್ಲ. ಹಳ್ಳಿಯ ಹುಡುಗನು ದಂಡಿಗೆ ಹೋಗುವುದು ಮನೆಯಿಂದ ಬಿಡುಗಡೆಗಾಗಿ ಎಂಬ ಮಾತನ್ನು ಅವನಷ್ಟು ನೇರವಾಗಿ ಆಗ ಯಾರೂ ಹೇಳಿರಲಾರರು.

ಭಿತ್ತಿಪತ್ರಗಳಿಂದ ರೈತರ ಮಕ್ಕಳು ಹೆಚ್ಚಾಗಿ ಕರಗಲಿಲ್ಲ. ದಂಡಿಗೆ ಹೆಚ್ಚು ಹೋದವರು ಪಟ್ಟಣಗಳ ಕೂಲಿಕಾರರು. 1903ರ ಭೂಶಾಸನದಿಂದ ಗೇಣಿದಾರರು ಸಾವಿರಗಟ್ಟಲೆಯಾಗಿ ನೆಲದ ಒಡೆಯರಾಗುತ್ತಿದ್ದರು; ಯುದ್ಧದಿಂದ ದನ, ಬೆಣ್ಣೆ, ಧಾನ್ಯಗಳ ಬೆಲೆ ಬಹಳವಾಗಿ ಏರಿತ್ತು. ಹೊಲವುಳ್ಳ ಮಗ ಏಕೆ ಹೋದಾನು? ಹೊಲವಿಲ್ಲದವನಿಗೋ ಅಮೆರಿಕದ ದಾರಿಯೂ ಕ್ರಮೇಣ ಮುಚ್ಚಿತು. 1916ರ ಏಪ್ರಿಲಿನ ಡಬ್ಲಿನ್ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದ ಮೇಲೆ ಬ್ರಿಟಿಷ್ ಸಮವಸ್ತ್ರವೂ ಅವನಿಗೆ ಬೇಡವಾಯಿತು. 1918ರಲ್ಲಿ ಕಡ್ಡಾಯಸೇವೆಯ ಬೆದರಿಕೆ ಬಂದಾಗ ಹಿಂದೆ ಹಡಗು ಹತ್ತಬಹುದಾಗಿದ್ದ ಯುವಕರು ಊರಿನಲ್ಲೇ ಇದ್ದರು, ಮತ್ತು ರೊಚ್ಚಿಗೆದ್ದಿದ್ದರು. ಗಣತಂತ್ರವಾದಿಗಳ ಗುಪ್ತಸೇನೆ ತನ್ನ ಆಳುಗಳನ್ನು ಪಡೆದುದು ಬಹುಮಟ್ಟಿಗೆ ಇವರಿಂದ. ಸಾಮ್ರಾಜ್ಯಕ್ಕೆ ಸಿಪಾಯಿಗಳನ್ನು ಒದಗಿಸಿದ ಕಟ್ಟಳೆಯೇ ಅದರ ವೈರಿಗಳನ್ನೂ ಒದಗಿಸಿತೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಇಂಚಿಗೀಲಾಕ್ಕೆ ಹೆಚ್ಚು ದೂರವಿಲ್ಲದ ಕಿಲ್‌ಮೈಕೇಲಿನಲ್ಲಿ 1920ರ ನವೆಂಬರ್ 28ರಂದು ನಡೆದ ಹೊಂಚುದಾಳಿಯಲ್ಲಿ ಮಕ್ರೂಮಿನಿಂದ ಹೊರಟಿದ್ದ ಬ್ರಿಟಿಷ್ ಸಹಾಯಕ ಪಡೆಯ 17 ಮಂದಿ ಸತ್ತರು. ದಾಳಿಯ ನಾಯಕ ಟಾಮ್ ಬ್ಯಾರಿ ಬ್ರಿಟಿಷ್ ಫಿರಂಗಿದಳದಲ್ಲಿ ಮೆಸೊಪೊಟೇಮಿಯದಲ್ಲಿ ಕಾದಿದವನು. ಡಬ್ಲಿನ್ನಿನ ದಂಗೆಯ ಸುದ್ದಿ ಅವನಿಗೆ ತಿಳಿದುದು ಅಲ್ಲಿಯೇ. ಓಲಿಯರಿ 1915ರಲ್ಲಿ ಅಧಿಕಾರಿಯಾಗಿ ಬಡ್ತಿ ಪಡೆದು ಸೇರಿದ ಕಾನಾಟ್ ರೇಂಜರ್ಸ್ ದಳದ ಇನ್ನೊಂದು ತುಕಡಿ ನಮ್ಮ ಜಲಂಧರದಲ್ಲಿತ್ತು. ಊರಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯ ವಾರ್ತೆ ಕೇಳಿ 1920ರ ಜೂನ್ 28ರಂದು ಆ ಸಿಪಾಯಿಗಳು ಆಯುಧ ಕೆಳಗಿಟ್ಟರು. ಸೋಲನ್ನಿನಲ್ಲಿ ಮುಂದಾಳಾಗಿದ್ದ ಜೇಮ್ಸ್ ಡಾಲಿಯನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು; ಅವನ ಅಸ್ಥಿಗಳು 1970ರಲ್ಲಿ ತಾಯ್ನಾಡು ಸೇರಿದವು.

ಅರಸನಿಗಾಗಿ ಮಡಿದವರಿಗೆ ಇಂಥ ಗೌರವ ತಡವಾಯಿತು. ಡಬ್ಲಿನ್ನಿನ ಐಲೆಂಡ್‌ಬ್ರಿಜ್‌ನಲ್ಲಿ ಅವರ ಸ್ಮಾರಕವನ್ನು ರಚಿಸಿದವನು, ದೆಹಲಿಯ ಕನ್ನಡಿಗರು ದಿನವೂ ನೋಡುವ ಇಂಡಿಯಾ ಗೇಟಿನ ಶಿಲ್ಪಿ ಲಟ್ಯೆನ್ಸ್. 1930ರ ದಶಕದಲ್ಲಿಯೇ ಕಟ್ಟಿ ಮುಗಿಸಿದ ಅದರ ವಿಧ್ಯುಕ್ತ ಆರಂಭೋತ್ಸವ ನಡೆದುದು 1988ರಲ್ಲಿ. ಓಲಿಯರಿಯೂ ಯುದ್ಧಾನಂತರ ತಂದೆಯ ಹೊಲಕ್ಕೆ ಮರಳಿ ನೆಲಸಲಿಲ್ಲ. ಮತ್ತೆ ಕೆನಡಾಕ್ಕೆ ಹೋಗಿ, 1932ರಲ್ಲಿ ಲಂಡನ್ನಿಗೆ ಬಂದು, ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ ಮಾಡಿದನು. 1961ರ ಆಗಸ್ಟ್ 2ರಂದು ತೀರಿಕೊಂಡನು. ಅವನ ಸಮಾಧಿ ಇರುವುದೂ ಲಂಡನ್ನಿನ ಮಿಲ್ ಹಿಲ್ಲಿನಲ್ಲಿ.