ಚರಗಿ ಮ್ಯಾಲಿನ ಹೆಸರು

ಹೋದ ವರ್ಷ ಹಳೇ ಮಾಳಿಗಿ ಬಿಚ್ಚಿದಾಗ ಅಟ್ಟದ ಮೂಲ್ಯಾಗ ಒಂದು ತಾಮ್ರದ ಚರಗಿ ಸಿಕ್ತು. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಕಂಠದ ಕೆಳಗ ಅಕ್ಷರ ಕಂಡವು. ನಮ್ಮ ಮನೆತನದ ಹೆಸರಲ್ಲ. ಯಾವುದೋ ಅಪ್ಪನ ಹೆಸರು, ಅದರ ಮುಂದ ‘ಮಗಳು’ ಅಂತ ಬರದು ಆಕಿ ಹೆಸರು, ಆಮ್ಯಾಲೆ 1938. ಅತ್ತಿ ನೋಡಿ, “ಇದು ನಮ್ದಲ್ಲವಾ, ಯಾರದೋ ಇಸಗೊಂಡಿದ್ದು ಕೊಡದ ಉಳದೈತಿ” ಅಂದ್ರು.

ಭಾಂಡೆ ಮ್ಯಾಲೆ ಹೆಸರು ಯಾಕ ಹಾಕಸ್ತಿದ್ರು ಅನ್ನೂದು ಈಗಿನ ಹುಡುಗ್ಯಾರಿಗೆ ಗೊತ್ತಿರಲಿಕ್ಕಿಲ್ಲ. ಆಗ ಮದುವಿಗೆ ಬಾಡಿಗಿ ಭಾಂಡೆ ಸಾಮಾನ ಸಿಗ್ತಿದ್ದಿಲ್ಲ. ಓಣ್ಯಾಗಿನ ಹತ್ತು ಮನಿ ಹಂಡೆ, ಕೊಡ, ಗಂಗಾಳ ಕೂಡಿಸಿನ ಒಂದು ಊಟ ಏಳ್ತಿತ್ತು. ತಿರುಗಿ ಕೊಡೂ ಮುಂದ ಜಗಳ ಆಗಬಾರದಂತ ಅಂಗಡ್ಯಾವ ಸಣ್ಣ ಉಳಿಲಿಂದ ಚುಕ್ಕಿ ಚುಕ್ಕಿ ಹೊಡದು ಹೆಸರು ಬರೀತಿದ್ದ. ಬಾಳಷ್ಟು ಭಾಂಡೆ ಮ್ಯಾಲೆ ಗಂಡಸರ ಹೆಸರ ಇರತಾವು, ಕೊಟ್ಟ ಅಪ್ಪಂದು, ಇಲ್ಲಾ ಅಣ್ಣಂದು. ಬಳಸಿದಾಕಿ ಹೆಸರು ಇರೂದು ಅಪರೂಪ. ಈ ಚರಗಿ ಮ್ಯಾಲೆ ಇತ್ತು. ಅದಕ್ಕ ಮೋಡಕಾ ಸಾಮಾನಕ್ಕ ಹಾಕಾಕ ನನಗ ಮನಸಾಗಲಿಲ್ಲ.

ನಮ್ಮ ಮುಧೋಳ ಸೀಮ್ಯಾಗ ಚರಗಿ ಕಳಕೊಂಡ ಕತಿ ಭಾಳ ಹಳೇದು. 1857ರಾಗ ಇಂಗ್ರೇಜರ ಸರಕಾರ ಹತಾರ ಒಪ್ಪಸ್ರಿ ಅಂತ ಕಾಯ್ದೆ ತಂದಾಗ ಹಲಗಲಿ ಬೇಡರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ, ಈ ನಾಲ್ಕು ಹೆಸರು ಸಾಲ್ಯಾಗ ಓದಿದ ಎಲ್ಲಾರಿಗೂ ಗೊತ್ತು. ನವೆಂಬರ್ ತಿಂಗಳದಾಗ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನ್ಯಾಗ ಹಿಡದವರನ್ನ ಗಲ್ಲಿಗೆ ಹಾಕಿದ್ರು. ಇದರ ಮ್ಯಾಲೆ ಜನ ಕಟ್ಟಿದ ಲಾವಣಿನ ಫ್ಲೀಟ್ ಸಾಹೇಬ ಸಂಗ್ರಹ ಮಾಡಿ ಅಚ್ಚು ಹಾಕಿಸಿದ.

ಆ ಲಾವಣಿ ಕೇಳೂವಾಗ ನಾವು ಗಂಡಸರ ಲಡಾಯಿ ಅಷ್ಟ ಕೇಳ್ತೀವಿ. ಕಡೀಕ ಲೂಟಿ ಆಗಿದ್ದರ ಪಟ್ಟಿ ಬರತೈತಿ, ಅದನ್ನ ಒಮ್ಮೆ ಲಕ್ಷ್ಯ ಕೊಟ್ಟು ಕೇಳ್ರಿ. ಹಾಲು ಬೆಣ್ಣಿ, ಅರಿಷಿಣ, ಎಣ್ಣಿ, ಗಂಗಾಳ, ಚರಗಿ, ಬೀಸುಕಲ್ಲು, ಕಡೀಗೆ ಮಂಗಳಸೂತ್ರನೂ ಬಿಟ್ಟಿಲ್ಲ. ಅದು ಅರಮನಿ ಖಜಾನಿ ಅಲ್ಲ, ಒಬ್ಬ ಹೆಣ್ಣುಮಗಳ ಅಡಗಿಮನಿ. ಪದಾ ಕಟ್ಟಿದವ ಗಂಡಸ ಇದ್ದಾನು, ಆದ್ರ ಆ ಪಟ್ಟಿ ಅವಗ ಹೇಳಿದಾಕಿ ಯಾವಾಕಿನೋ ಮನಿ ಸುಟ್ಟಾಕಿನ ಇರಬೇಕಂತ ನನಗ ಅನಸ್ತೈತಿ. ಆ ಸಾಮಾನ ಯಾರ ಮನಿಗೂ ತಿರುಗಿ ಬರಲಿಲ್ಲ. ಪಟ್ಟಿ ಅಷ್ಟ ಉಳೀತು.

ನಮ್ಮ ಕಾಲಕ್ಕ ಬಂದದ್ದು ನೀರು. ಆಲಮಟ್ಟಿ ಡ್ಯಾಮಿನ್ಯಾಗ 519.60 ಮೀಟರ್ ತನಕ ನೀರು ನಿಲ್ಲಸ್ತಾರ. ಅದರ ಹಿನ್ನೀರಿನ್ಯಾಗ ಬೀಳಗಿ, ಬಾಗಲಕೋಟಿ, ಜಮಖಂಡಿ ಕಡೀ ಹೊಳಿದಂಡಿ ಊರು ಹೋದವು. ಬಾಗಲಕೋಟಿ ಅರ್ಧ ಊರನ ನವನಗರಕ್ಕ ಎದ್ದು ಹೋತು. ಹೇರೂ ಗಡಿಬಿಡ್ಯಾಗ ಯಾರದು ಯಾರ ಗಾಡಿ ಹತ್ತಿತೋ, ಯಾರ ಪೆಟಗಿ ಎಲ್ಲಿ ಇಳೀತೋ. ಓಣಿ ಒಡದು ಹೋದ ಮ್ಯಾಲೆ ‘ಇದು ಇಂಥಾವರದು’ ಅಂತ ಹೇಳವರೂ ಚದರಿ ಹೋದ್ರು.

ಹಂಗಾರ ಹುಡುಕೂದು ಹ್ಯಾಂಗ? ನಮ್ಮ ಕಡೆ ಮನೆತನದ ಲೆಕ್ಕಾ ಇಟ್ಟವರು ಹೆಳವರು. ಎತ್ತು ಹೊಡಕೊಂಡು ಬಂದು, ಕಟ್ಟಿ ಮ್ಯಾಲೆ ಕುಂತು, ಮುತ್ತ್ಯಾನ ಮುತ್ತ್ಯಾ ಯಾವ ಊರಿಂದ ಬಂದ, ಎಷ್ಟು ಮಂದಿ ಮಕ್ಕಳು ಅಂತ ಹೇಳಿ ಕಾಳು, ಅರಿವಿ ತಗೊಂಡು ಹೋಗವರು. ನಮ್ಮ ಮನೀಗೆ ಬಂದಾಗ ನಾನು ಕೇಳಿದೆ. ಅಪ್ಪನ ಹೆಸರು ಸಿಕ್ತು, ಗಂಡುಮಕ್ಕಳ ಹೆಸರು ಸಿಕ್ಕವು. ಮಗಳನ್ನ “ಕೊಟ್ಟ ಹೆಣ್ಣು” ಅಂತ ಒಂದ ಮಾತಿನ್ಯಾಗ ದಾಟಿಸಿಬಿಟ್ಟ.

ಗುರ್ತು ಹೇಳಿದಾಕಿ ನಮ್ಮ ಓಣಿಗೆ ಬರೂ ಬಳಿಗಾರ್ತಿ. ಬಳಿಗಾರರು ಹಬ್ಬಕ್ಕ, ಕುಬಸಕ್ಕ, ಮದುವಿಗೆ ಒಳಗ ಬಂದು ಕೈ ಹಿಡದು ಬಳಿ ಇಡಸವರು. ಯಾವ ಮಗಳನ್ನ ಎಲ್ಲಿ ಕೊಟ್ಟಾರ ಅನ್ನೂದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರೂದಿಲ್ಲ. ಆಕಿ ಅತ್ತಿ ಹೇಳ್ತಿದ್ದಳಂತ: ನಮ್ಮ ಹಿಂದಿನ ಮನಿ ಹುಡುಗಿ, ಬೀಳಗಿ ಕಡೆ ಹೊಳಿದಂಡಿ ಊರಿಗೆ ಕೊಟ್ಟಿದ್ರು, ಬಾಣಂತನಕ್ಕ ಬಂದಾಗ ಚರಗಿ ತಂದಿದ್ಳು. ತೊಟ್ಟಿಲಕಾರ್ಯಾಕ್ಕ ನಮ್ಮವರು ಇಸಗೊಂಡಿದ್ದು ಇಲ್ಲೇ ಉಳೀತು. ಈಗ ಅವರ ಮಂದಿ ಪುನರ್ವಸತಿ ಕೇಂದ್ರದಾಗ ಅದಾರ.

ಆವಾಗ ನನಗ ನಮ್ಮ ರನ್ನ ನೆಪ್ಪಾದ. ನಮ್ಮೂರ ಹೆಸರಿನ್ಯಾಗ ರನ್ನ ಇದ್ರೂ, ಆತ ಬಳಿಗಾರರ ಮನಿ ಹುಡುಗ ಅನ್ನೂದನ್ನ ನಾವು ಮರತಬಿಡ್ತೀವಿ. 993ರಾಗ ಅಜಿತಪುರಾಣ ಬರದಾಗ ಆತ ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ, ಹೆಂಡಂದಿರು ಜಕ್ಕಿ, ಶಾಂತಿ, ಎಲ್ಲಾರ ಹೆಸರೂ ಬರದ. ಮಗನಿಗೆ ರಾಯ ಅಂತ, ಮಗಳಿಗೆ ತನ್ನ ಆಶ್ರಯದಾತೆ ಅತ್ತಿಮಬ್ಬೆ ಹೆಸರು ಇಟ್ಟಿದ್ದ. ಆ ಅತ್ತಿಮಬ್ಬೆನೂ ಪೊನ್ನನ ಶಾಂತಿಪುರಾಣ ಕಳದು ಹೋಗಬಾರದಂತ 1000 ಪ್ರತಿ ಬರಿಸಿ ಹಂಚಿದಾಕಿ. ಒಬ್ಬ ಬಳಿಗಾರ ಅಪ್ಪ ಬರದಿಟ್ಟದ್ದಕ್ಕ ಆ ಮಗಳ ಹೆಸರು ಸಾವಿರ ವರ್ಷ ಬಂತು. ರಾಜರ ಮಕ್ಕಳ ಹೆಸರನ ಎಷ್ಟೋ ಹಾಳಾಗ್ಯಾವು.

ಚರಗಿ ತಗೊಂಡು ಹೋದ್ವಿ. ಬಾಗಲಾ ತಗದಾಕಿ ಆಕಿ ಮೊಮ್ಮಗಳು, ಆಕಿಗೇ ಅರವತ್ತು ದಾಟ್ಯಾವು. ಅಜ್ಜಿನ ಎಲ್ಲಾರೂ ‘ಬೆಳಗಲಿ ಆಯಿ’ ಅಂತ ಕರೀತಿದ್ರಂತ. ಸಣ್ಣಾಕಿ ಇದ್ದಾಗ ಅಜ್ಜಿ ತೀರಿಕೊಂಡಿದ್ಳು. ಫೋಟೊ ಇಲ್ಲ, ಮನಿ ನೀರಾಗ ಹೋತು, ಕಾಗದಪತ್ರ ಎಲ್ಲಾ ಗಂಡಸರ ಹೆಸರಿಲೆ. ಆಕಿ ಬಟ್ಟಿಲೆ ಅಕ್ಷರ ಮುಟ್ಟಿ ಮುಟ್ಟಿ ಓದಿದ್ಳು. “ನಮ್ಮ ಅಜ್ಜಿಗೆ ಇಷ್ಟ ಚಂದ ಹೆಸರು ಇತ್ತೇನ?” ಅಂದ್ಳು. ಆ ಹೆಸರು ನಾನಿಲ್ಲಿ ಬರಿಯೂದಿಲ್ಲ, ಅದು ಅವರ ಮನೀದು.

ನಿಮ್ಮ ಅಟ್ಟದಾಗೂ ಇಂಥಾದ್ದು ಇದ್ದೀತು. ಮೊದಲ ಜೋರಾಗಿ ತಿಕ್ಕಬ್ಯಾಡ್ರಿ, ಚುಕ್ಕಿ ಅಕ್ಷರ ಸವದು ಹೋಗತಾವು. ಮ್ಯಾಲೆ ತೆಳು ಹಾಳಿ ಇಟ್ಟು ಪೆನ್ಸಿಲ್ ಆಡಸ್ರಿ, ಅಕ್ಷರ ಎದ್ದು ಬರತಾವು. ಊರು, ಇಸವಿ, ಅಡ್ಡಹೆಸರು ಬರಕೊಳ್ರಿ. ಮನ್ಯಾಗಿನ ಹಿರಿ ಹೆಣ್ಣುಮಕ್ಕಳನ್ನ ಇವತ್ತ ಕೇಳ್ರಿ, ನಾಳೆ ಅನಬ್ಯಾಡ್ರಿ. ಭೂಮ್ಯಾಗ ಹುಗದ ಬಂಗಾರ, ನಾಣ್ಯ ಸಿಕ್ರ ಮಾತ್ರ ಅದು ಬ್ಯಾರೆ, ಸರಕಾರಕ್ಕ ತಿಳಿಸಬೇಕು.

ಮತ್ತ ಮಗಳಿಗೆ ಭಾಂಡೆ ಕೊಡೂವಾಗ ಆಕಿ ಹೆಸರೂ ಹಾಕಸ್ರಿ. ನಾನು ಮೊನ್ನೆ ಮಗಳಿಗೆ ಒಂದು ಸ್ಟೀಲ್ ಕೊಡ ತಂದೆ. ಅಂಗಡ್ಯಾವ “ಯಜಮಾನರ ಹೆಸರು ಹೇಳ್ರಿ” ಅಂದ. ಮಗಳ ಹೆಸರು ಹೇಳಿದೆ.